ಬಾರಿನಲ್ಲಿ ‘ಕುಡಿಯದವರಿಗೆ’ ಏನು ಕೊಡೋಣ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ‘ಕುಡಿಯೋದು’ ಅನ್ನುವ ಮಾತಿಗೆ ಒಂದು ವಿಚಿತ್ರ ಗುಣ ಇದೆ. ನೀರು, ಕಾಫಿ, ಮಜ್ಜಿಗೆ ಅಂತ ಏನನ್ನೂ ಸೇರಿಸದೆ ‘ಅವನು ಕುಡೀತಾನೆ’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಅದಕ್ಕೇ ಏನೋ, ‘ನಾನು ಕುಡಿಯಲ್ಲ’ ಅಂದವರನ್ನು ನಮ್ಮ ಬಾರುಗಳು ನಿಜಕ್ಕೂ ಏನನ್ನೂ ಕುಡಿಯದವರ ಹಾಗೆ ನೋಡುತ್ತವೆ. ಒಂದು ಫ್ರೆಶ್ ಲೈಮ್ ಸೋಡಾ, ಇಲ್ಲಾಂದ್ರೆ ಒಂದು ಕೋಲಾ. ಅಲ್ಲಿಗೆ ಮುಗೀತು.

ನಾನು ಬೆಂಗಳೂರಿನಲ್ಲಿ ಬಹಳ ವರ್ಷ ಬಾರ್ ಕೌಂಟರಿನ ಹಿಂದೆ ನಿಂತವನು. ಈಗ ಸಣ್ಣ ಬಾರ್ ಆಂಡ್ ರೆಸ್ಟೋರೆಂಟ್‌ಗಳಿಗೆ ಪಾನೀಯಗಳ ಮೆನು ಮಾಡಿಕೊಡುತ್ತೇನೆ. ಮಾಲೀಕರು, ಮ್ಯಾನೇಜರುಗಳು, ಕೆಲವೊಮ್ಮೆ ಗಿರಾಕಿಗಳೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಬಾರಿಗೆ ಬರೋರು ಕುಡಿಯೋಕೆ ತಾನೇ ಬರೋದು? ಉಳಿದವರಿಗಾಗಿ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಒಬ್ಬೊಬ್ಬರೇ ಬರುವ ಬಾರಾದರೆ ನಿಮ್ಮ ಮಾತು ಸರಿ. ಆದರೆ ಜನ ಗುಂಪಾಗಿ ಬರುತ್ತಾರೆ. ಆರು ಜನರ ಮೇಜು ಅಂದುಕೊಳ್ಳಿ. ಒಬ್ಬ ಕಾರು ಓಡಿಸಬೇಕು. ಒಬ್ಬರಿಗೆ ಶ್ರಾವಣ. ಒಬ್ಬರು ಬಸುರಿ. ಇನ್ನೊಬ್ಬರು ಮಾತ್ರೆ ನುಂಗುತ್ತಿದ್ದಾರೆ, ಅಥವಾ ಸುಮ್ನೆ ಇಷ್ಟ ಇಲ್ಲ. ಎಲ್ಲಿಗೆ ಹೋಗೋಣ ಅಂತ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಆಗುವಾಗ ‘ಅಲ್ಲಿ ನನಗೆ ಏನೂ ಸಿಗಲ್ಲ’ ಅಂತ ಒಬ್ಬರು ಹೇಳಿದರೆ ಆ ಮೇಜು ಪೂರ್ತಿ ಪಕ್ಕದ ಅಂಗಡಿಗೆ ಹೋಗುತ್ತದೆ. ನೀವು ಕಳೆದುಕೊಂಡದ್ದು ಒಂದು ಜ್ಯೂಸಿನ ಬಿಲ್ ಅಲ್ಲ, ಆರು ಜನರ ಬಿಲ್.

ಕಾರು ಓಡಿಸುವವರ ವಿಷಯ ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ತಪ್ಪು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಒಂದೇ ಒಂದು ಪೆಗ್’ ಅಂತ ಲೆಕ್ಕ ಹಾಕುತ್ತಾ ಕೂರುವ ಬದಲು ಮೂರು ಗಂಟೆ ಖುಷಿಯಾಗಿ ಕುಡಿಯಲು ಬೇರೆ ಏನಾದರೂ ಇದ್ದರೆ ಆ ಮನುಷ್ಯ ಮುಂದಿನ ವಾರವೂ ಬರುತ್ತಾನೆ.

ಫ್ರೆಶ್ ಲೈಮ್ ಸೋಡಾ ಇದೆಯಲ್ಲ, ಸಾಲದೇ?

ಒಳ್ಳೆಯ ಪಾನೀಯ. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಬೆಳಿಗ್ಗೆ ಹಿಂಡಿಟ್ಟ ನಿಂಬೆರಸ ರಾತ್ರಿ ಹತ್ತಕ್ಕೆ ಕಹಿಯಾಗಿರುತ್ತದೆ. ಅರ್ಧ ಖಾಲಿಯಾದ ದೊಡ್ಡ ಬಾಟಲಿಯ ಸೋಡಾದಲ್ಲಿ ಗ್ಯಾಸೇ ಇರುವುದಿಲ್ಲ. ಮೊದಲು ಇವೆರಡನ್ನೂ ಸರಿಮಾಡಿ. ಆಮೇಲೆ ಹೊಸ ಮೆನು.

ನಮ್ಮಲ್ಲಿ ಹತ್ತು ಬಗೆಯ ಮಾಕ್‌ಟೇಲ್ ಇವೆ. ಆದರೂ ಯಾರೂ ಎರಡನೇ ಗ್ಲಾಸ್ ತಗೊಳ್ಳಲ್ಲ. ಯಾಕೆ?

ಸಕ್ಕರೆ. ಹತ್ತಕ್ಕೆ ಒಂಬತ್ತು ಕಡೆ ಉತ್ತರ ಇದೇ. ನೀಲಿ ಸಿರಪ್, ಕೆಂಪು ಸಿರಪ್, ಹಸಿರು ಸಿರಪ್, ಮೇಲೆ ಸ್ಪ್ರೈಟ್. ಬಣ್ಣ ಮೂರು, ರುಚಿ ಒಂದೇ.

ಲೆಕ್ಕ ನೋಡಿ. ಸಕ್ಕರೆ, ನೀರು ಸಮತೂಕ ಹಾಕಿ ಮಾಡಿದ ಸಿರಪ್ಪಿನಲ್ಲಿ 30 ಮಿಲಿಗೆ ಸುಮಾರು 18 ಗ್ರಾಂ ಸಕ್ಕರೆ ಇರುತ್ತದೆ. ಎರಡು ಅಳತೆ ಸಿರಪ್ ಹಾಕಿ, ಮೇಲೆ ಸಿಹಿ ಸೋಡಾ ತುಂಬಿಸಿದರೆ ಒಂದು ಗ್ಲಾಸಿನಲ್ಲೇ 50 ಗ್ರಾಂ ದಾಟುತ್ತದೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಇಡೀ ದಿನಕ್ಕೆ 50 ಗ್ರಾಂ. ಅದು ಗಿರಾಕಿಗೆ ಗೊತ್ತಿಲ್ಲದೆ ಇರಬಹುದು, ಆದರೆ ನಾಲಿಗೆಗೆ ಗೊತ್ತಾಗುತ್ತದೆ. ಅರ್ಧಕ್ಕೇ ಬಾಯಿ ಕಟ್ಟಿ, ಗ್ಲಾಸ್ ಪಕ್ಕಕ್ಕೆ ಸರಿಯುತ್ತದೆ.

ಮದ್ಯ ಇರುವ ಪಾನೀಯವನ್ನು ಜನ ನಿಧಾನವಾಗಿ ಹೀರುವುದು ಅಮಲಿಗೆ ಮಾತ್ರ ಅಲ್ಲ. ಅದು ಗಂಟಲು ಸುಡುತ್ತದೆ, ಕಹಿ ಇರುತ್ತದೆ, ಮೂಗಿಗೆ ವಾಸನೆ ಹೊಡೆಯುತ್ತದೆ. ಗಟಗಟ ಇಳಿಸಲು ಬಿಡುವುದಿಲ್ಲ. ಆ ತಡೆಯನ್ನು ನಾವು ಬೇರೆ ದಾರಿಯಲ್ಲಿ ತರಬೇಕು. ಇಲ್ಲಿ ನಮ್ಮ ಅಡುಗೆಮನೆಯ ಮಾತೇ ಸಾಕು: ಹುಳಿ, ಖಾರ, ಕಹಿ, ಒಗರು, ಉಪ್ಪು. ಸಿಹಿ ಬಿಟ್ಟು ಐದು ರುಚಿ ಬಾಕಿ ಇವೆ. ಗಂಟಲು ಸುಡಲು ಶುಂಠಿ, ಕಾಳುಮೆಣಸು. ಒಗರಿಗೆ ಗಟ್ಟಿ ಚಹಾದ ಡಿಕಾಕ್ಷನ್ ಅಥವಾ ನೇರಳೆಹಣ್ಣು. ಕಹಿಗೆ ಟಾನಿಕ್ ವಾಟರ್, ಕಿತ್ತಳೆ ಸಿಪ್ಪೆ, ಕಾಫಿ. ಪ್ರತಿ ಗ್ಲಾಸಿನಲ್ಲೂ ಸಿಹಿ ಅಲ್ಲದ ರುಚಿ ಎರಡಾದರೂ ಎದ್ದು ಕಾಣಬೇಕು. ನಾನು ಮೆನು ಮಾಡುವಾಗ ಹಿಡಿಯುವ ಅಳತೆಗೋಲು ಇಷ್ಟೇ.

ನಮ್ಮ ಕಡೆಯ ಪಾನೀಯಗಳನ್ನು ಬಾರಿನಲ್ಲಿ ಇಡಬಹುದಾ? ಜನ ನಗಲ್ವಾ?

ಯಾರು ನಗುತ್ತಾರೆ? ಪುನರ್ಪುಳಿ ಶರಬತ್ತನ್ನು ನೋಡಿ. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು, ಕೊಂಕಣಿಯವರಿಗೆ ಬಿರಿಂಡ, ಮುಂಬೈಯವರಿಗೆ ಕೋಕಂ. ಹುಳಿ ಇದೆ, ಒಗರು ಇದೆ, ಉಪ್ಪು ಜೀರಿಗೆ ಸೇರಿದರೆ ಖಾರದ ಅಂಚೂ ಬರುತ್ತದೆ. ಬಣ್ಣವಂತೂ ರೆಡ್ ವೈನನ್ನು ನಾಚಿಸುತ್ತದೆ. ಯಾವ ಬಾರ್‌ಟೆಂಡರೂ ಕೂತು ಇದಕ್ಕಿಂತ ಚೆನ್ನಾಗಿ ಲೆಕ್ಕ ಹಾಕಲಾರ.

ಅಪ್ಪೆಹುಳಿ ಇನ್ನೊಂದು. ಮಾವಿನಕಾಯಿ ಬೇಯಿಸಿ, ಕಿವುಚಿ, ನೀರಾಗಿ ಮಾಡಿ, ಉಪ್ಪು, ಇಂಗು, ಸಾಸಿವೆ, ಮೆಣಸಿನ ಒಗ್ಗರಣೆ. ಶಿರಸಿ, ಸಾಗರದ ಕಡೆಯವರು ಊಟಕ್ಕೆ ಕೂತಾಗ ಲೋಟಗಟ್ಟಲೆ ಕುಡಿಯುತ್ತಾರೆ. ಕುಡಿದರೆ ಒಳ್ಳೆ ನಿದ್ದೆ ಬರುತ್ತದೆ ಅಂತ ಆ ಕಡೆಯ ಮಾತು. ಬಾರಿನಲ್ಲಿ ಒಂದೇ ತೊಂದರೆ: ಐಸ್ ಬಿದ್ದ ಕೂಡಲೇ ಒಗ್ಗರಣೆಯ ಎಣ್ಣೆ ಮೇಲೆ ಹೆಪ್ಪುಗಟ್ಟಿದ ಹಾಗೆ ತೇಲುತ್ತದೆ. ಎಣ್ಣೆ ಬಿಡಿ. ಇಂಗನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ, ಸೀಳಿದ ಹಸಿಮೆಣಸನ್ನು ಸ್ವಲ್ಪ ಹೊತ್ತು ನೆನೆಸಿ ತೆಗೆಯಿರಿ, ಬಟ್ಟೆಯಲ್ಲಿ ಸೋಸಿ. ಶಿರಸಿಯ ಅಜ್ಜಿಯರು ಒಪ್ಪಲಾರರು, ಆದರೆ ಗ್ಲಾಸಿನಲ್ಲಿ ಚೆನ್ನಾಗಿರುತ್ತದೆ.

ದೇವನಹಳ್ಳಿಯ ಚಕ್ಕೋತಕ್ಕೆ ಜಿಐ ಟ್ಯಾಗ್ ಇದೆ, ಬೆಂಗಳೂರಿನ ಬಾಗಿಲಲ್ಲೇ ಬೆಳೆಯುತ್ತದೆ, ಆದರೂ ಬೆಂಗಳೂರಿನ ಬಾರುಗಳಲ್ಲಿ ನಾನು ಕಂಡದ್ದು ಬಹಳ ಕಡಿಮೆ. ಬಿಡಿಸುವುದು ಬೇಜಾರಿನ ಕೆಲಸ, ನಿಜ. ಗ್ಲಾಸಿನ ಅಂಚಿಗೆ ಉಪ್ಪು ಮೆಣಸಿನ ಪುಡಿ ಹಚ್ಚಿ, ಚಕ್ಕೋತದ ರಸ, ನಿಂಬೆ, ಸೋಡಾ ಹಾಕಿ ಕೊಟ್ಟು ನೋಡಿ. ಸೊಗದೆ ಬೇರಿನ ಶರಬತ್ತು, ಲಾವಂಚದ ನೀರು ಇವೂ ಪರಿಮಳದಲ್ಲಿ ಜಿನ್ನಿಗೆ ಏನೂ ಕಡಿಮೆ ಇಲ್ಲ. ಸೊಗದೆ ಬೇರನ್ನು ಜಾಸ್ತಿ ಕುದಿಸಬೇಡಿ, ಪರಿಮಳ ಹಾರಿಹೋಗುತ್ತದೆ.

ಪಾನಕದ ಬಗ್ಗೆ ಒಂದು ಎಚ್ಚರಿಕೆ. ಬೆಲ್ಲ, ಶುಂಠಿ, ಏಲಕ್ಕಿ, ನಿಂಬೆ ಸೇರಿದ ಪಾನಕ ಸೊಗಸಾದ ಪಾನೀಯ, ಖಂಡಿತ ಇಡಿ. ಆದರೆ ‘ರಾಮನವಮಿ ಸ್ಪೆಷಲ್’ ಅಂತ ಬಾರಿನ ಮೆನುವಿನಲ್ಲಿ ಹಾಕಲು ಹೋಗಬೇಡಿ. ‘ಶುಂಠಿ ಬೆಲ್ಲದ ಪಾನಕ’ ಅಂದರೆ ಸಾಕು. ದೇವರ ಹೆಸರನ್ನು ಕೌಂಟರಿಗೆ ಎಳೆದರೆ ಬೇಸರ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ.

ಒಂದಾದರೂ ಸರಿಯಾದ ಅಳತೆ ಕೊಡಿ.

ಪುನರ್ಪುಳಿಯನ್ನೇ ತಗೊಳ್ಳಿ. 100 ಗ್ರಾಂ ಒಣಗಿದ ಸಿಪ್ಪೆ, 1 ಲೀಟರ್ ನೀರು. ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟು, ಕಿವುಚಿ, ಸೋಸಿ. ಬಿಸಿ ಇರುವಾಗಲೇ 250 ಗ್ರಾಂ ಸಕ್ಕರೆ, 2 ಚಮಚ ಹುರಿದ ಜೀರಿಗೆ ಪುಡಿ, 8 ಗ್ರಾಂ ಉಪ್ಪು ಹಾಕಿ ಕಲಸಿ. ಸೀಳಿದ ಮೂರು ಹಸಿಮೆಣಸು ಹಾಕಿ, ಆರಿದ ಮೇಲೆ ತೆಗೆಯಿರಿ. ಫ್ರಿಜ್‌ಗೆ ಹಾಕಿ.

ಕೊಡುವಾಗ: ಗ್ಲಾಸ್ ತುಂಬ ಐಸ್, ಈ ರಸ 60 ಮಿಲಿ, ಮೇಲೆ ತಣ್ಣಗಿನ ಸಾದಾ ಸೋಡಾ 120 ಮಿಲಿ. ಒಂದೇ ಸಲ ಮೆಲ್ಲಗೆ ತಿರುಗಿಸಿ. ಕರಿಬೇವಿನ ಎಸಳೊಂದನ್ನು ಅಂಗೈಯಲ್ಲಿ ಇಟ್ಟು ಇನ್ನೊಂದು ಕೈಯಿಂದ ತಟ್ಟಿ ಮೇಲಿಡಿ. ತಟ್ಟಿದಾಗಲೇ ವಾಸನೆ ಬಿಡುವುದು, ಸುಮ್ನೆ ಇಟ್ಟರೆ ಅಲಂಕಾರ ಅಷ್ಟೇ.

ಬೆಲ್ಲ ಹಾಕಬಹುದಾ ಅಂತ ಕೇಳುತ್ತಾರೆ. ರುಚಿ ಚೆನ್ನಾಗಿರುತ್ತದೆ, ಆದರೆ ಕೆಂಪು ಬಣ್ಣ ಮಣ್ಣಾಗುತ್ತದೆ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬೇಡ, ಹುಳಿ ಜಾಸ್ತಿ. ಇನ್ನೊಂದು: ಕೆಲವು ಅಂಗಡಿಗಳಲ್ಲಿ ಸಿಗುವ ಸಿಪ್ಪೆಗೆ ಮೊದಲೇ ಉಪ್ಪು ಹಾಕಿ ಒಣಗಿಸಿರುತ್ತಾರೆ. ನಾಲಿಗೆಗೆ ಇಟ್ಟು ನೋಡದೆ ಮೇಲಿನ ಅಳತೆಯಲ್ಲಿ ಉಪ್ಪು ಸುರಿದರೆ ಸಮುದ್ರದ ನೀರು ಕುಡಿದ ಹಾಗಾಗುತ್ತದೆ. ನಾನು ಒಮ್ಮೆ ಹತ್ತು ಲೀಟರ್ ಚೆಲ್ಲಿದ್ದೇನೆ.

ಬೆಲೆ ಎಷ್ಟು ಇಡಬೇಕು?

‘ಎಣ್ಣೆ ಇಲ್ಲ, ಮತ್ಯಾಕೆ ಇಷ್ಟು ರೇಟು?’ ಅಂತ ಗಿರಾಕಿ ಕೇಳುತ್ತಾನೆ ಅನ್ನುವ ಭಯ ಎಲ್ಲ ಮಾಲೀಕರಿಗೂ ಇದೆ. ಕೇಳುವುದು ಯಾವಾಗ ಅಂದರೆ, ಎದುರಿಗೇ ಡಬ್ಬಿಯಿಂದ ಸಿರಪ್ ಸುರಿದು ಕೊಟ್ಟಾಗ. ರಾತ್ರಿಯಿಡೀ ನೆನೆಸಿದ್ದು, ಇಲ್ಲೇ ಸೋಸಿದ್ದು, ಒಳ್ಳೆ ಗ್ಲಾಸಿನಲ್ಲಿ ಬಂದಿದ್ದು ಅಂದರೆ ಯಾರೂ ಕೇಳುವುದಿಲ್ಲ.

ನನ್ನ ರೂಢಿ ಹೀಗೆ: ನಿಮ್ಮಲ್ಲಿ ಮಾಮೂಲಿ ಕಾಕ್‌ಟೇಲ್ ಎಷ್ಟಿದೆಯೋ ಅದರ ಅರ್ಧದಿಂದ ಮೂರನೇ ಎರಡು ಭಾಗದ ನಡುವೆ. ಅದಕ್ಕಿಂತ ಮೇಲೆ ಹೋದರೆ ‘ಕುಡಿಯದ ತಪ್ಪಿಗೆ ದಂಡ’ ಅನ್ನಿಸುತ್ತದೆ. ತೀರಾ ಕೆಳಗಿಟ್ಟರೆ ನಿಮ್ಮ ವೇಟರೇ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮೇಲಿನ ಅಳತೆಯಲ್ಲಿ ಒಂದು ಗ್ಲಾಸಿಗೆ ಹೋಗುವ ಸಿಪ್ಪೆ ಐದಾರು ಗ್ರಾಂ. ಸಾಮಾನಿನ ಖರ್ಚಿಗಿಂತ ಐಸ್, ಸೋಡಾ, ಕೈಕೆಲಸದ ಖರ್ಚೇ ಜಾಸ್ತಿ.

ತೆರಿಗೆ ಲೆಕ್ಕ ಹೇಗೆ?

ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದು ರಾಜ್ಯದ ಅಬಕಾರಿ ಲೆಕ್ಕ. ನೀವು ಮಾಡಿ ಬಡಿಸುವ ಶರಬತ್ತು ರೆಸ್ಟೋರೆಂಟ್ ಸೇವೆಯಲ್ಲಿ ಬರುತ್ತದೆ: ಸಾಮಾನ್ಯ ರೆಸ್ಟೋರೆಂಟಿಗೆ 5%, ಇನ್‌ಪುಟ್ ಕ್ರೆಡಿಟ್ (ಸಾಮಾನು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆಯುವ ಅವಕಾಶ) ಸಿಗುವುದಿಲ್ಲ. ದುಬಾರಿ ರೂಮಿನ ದೊಡ್ಡ ಹೋಟೆಲುಗಳಲ್ಲಿ 18%. ಹಾಗಾಗಿ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ.

ಇದರೊಳಗೆ ಒಂದು ಸೂಕ್ಷ್ಮ ಇದೆ. 2025ರ ಸೆಪ್ಟೆಂಬರ್ 22ರಿಂದ ಸಿಹಿ ಗ್ಯಾಸ್ ಪಾನೀಯಗಳ ಮೇಲೆ 40% ಜಿಎಸ್‌ಟಿ. ಕ್ರೆಡಿಟ್ ಸಿಗದ ನಿಮಗೆ ಆ ತೆರಿಗೆ ನೇರವಾಗಿ ಖರ್ಚು. ಕೋಲಾ ಮಾರುವುದಕ್ಕಿಂತ ಪುನರ್ಪುಳಿ ಮಾರುವುದು ಜೇಬಿಗೂ ಒಳ್ಳೆಯದು. ಉಳಿದದ್ದು ನಿಮ್ಮ ಆಡಿಟರ್ ಹೇಳುತ್ತಾರೆ.

ಆಲ್ಕೋಹಾಲ್ ಇಲ್ಲದ 0.0 ಬಿಯರ್ ಇಟ್ಟರೆ ಹೇಗೆ?

ಇಡಿ, ಎರಡು ಬಗೆ ಸಾಕು. ಹೈನೆಕೆನ್ 0.0, ಬಡ್‌ವೈಸರ್ 0.0, ಕಿಂಗ್‌ಫಿಷರ್ ರಾಡ್ಲರ್ ಇವೆಲ್ಲ ಸೂಪರ್ ಮಾರ್ಕೆಟಿನಲ್ಲೂ ಸಿಗುತ್ತವೆ. ಅದಕ್ಕೇ ಬೆಲೆ ಹುಷಾರಾಗಿ ಇಡಿ, ಅಂಗಡಿಯ ರೇಟು ಎಲ್ಲರಿಗೂ ಗೊತ್ತು. ಬಿಯರ್ ಗ್ಲಾಸಿನಲ್ಲೇ, ನೊರೆ ಬರುವ ಹಾಗೆ ಬಗ್ಗಿಸಿ ಕೊಡಿ. ಬಾಟಲಿ ತಂದು ಕುಕ್ಕಿ ಹೋಗಬೇಡಿ.

ಆದರೆ ‘ಕುಡಿಯಲ್ಲ’ ಅಂದವರಿಗೆಲ್ಲ ಇದನ್ನೇ ಒತ್ತಾಯ ಮಾಡಬೇಡಿ. ಕುಡಿತ ಬಿಟ್ಟು ಗಟ್ಟಿಯಾಗಿ ನಿಲ್ಲಲು ಹೋರಾಡುತ್ತಿರುವವರಿಗೆ ಬಿಯರಿನ ವಾಸನೆ, ರುಚಿಯೇ ಕಷ್ಟ. ಅವರಿಗೆ ಬೇಕಿರುವುದು ಬಿಯರಿನ ನೆರಳಲ್ಲ.

‘ಆಲ್ಕೋಹಾಲ್ ಇಲ್ಲ’ ಅಂತ ಬರೆದ ಮೇಲೆ ನಿಜವಾಗಿಯೂ ಇರಬಾರದಲ್ವಾ? ಎಲ್ಲೆಲ್ಲಿ ತಪ್ಪಾಗುತ್ತದೆ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ 0.5% ದಾಟಿದರೆ ಅದು ಮದ್ಯ. ಆದರೆ ಕಾನೂನಿನ ಗೆರೆ ಬೇರೆ, ಗಿರಾಕಿಯ ನಂಬಿಕೆಯ ಗೆರೆ ಬೇರೆ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಡಿಸೆಂಬರಿನಲ್ಲಿ ನಡೆದದ್ದು. ಮಾಲೆ ಹಾಕಿದ ಹುಡುಗನೊಬ್ಬ ಆಫೀಸಿನವರ ಜೊತೆ ಬಂದಿದ್ದ. ಕೌಂಟರಿಗೇ ಬಂದು, ‘ಅಣ್ಣಾ, ನಂಗೆ ಏನಾದ್ರೂ ಚೆನ್ನಾಗಿರೋದು ಕೊಡಿ, ಆದ್ರೆ ಏನೂ ಇರಬಾರದು’ ಅಂದ. ಶುಂಠಿ, ನಿಂಬೆ, ಸೋಡಾ ಹಾಕಿದೆ. ಕೈ ರೂಢಿಯಂತೆ ಸಣ್ಣ ಬಾಟಲಿ ಎತ್ತಿ ನಾಲ್ಕು ಹನಿ ಅಂಗೊಸ್ಟುರಾ ಬಿಟರ್ಸ್ ಅನ್ನುವ ಕಹಿ ಸಾರ ಉದುರಿಸಿತು. ಆ ಬಾಟಲಿಯಲ್ಲಿ ಆಲ್ಕೋಹಾಲ್ 44.7%. ವಿಸ್ಕಿಗಿಂತ ಜಾಸ್ತಿ. ನಾಲ್ಕು ಹನಿ ಬಿದ್ದರೆ ಇಡೀ ಗ್ಲಾಸಿನಲ್ಲಿ 0.5% ಕೂಡ ಆಗುವುದಿಲ್ಲ, ನಿಜ. ಆದರೆ ಅವನು ಕೇಳಿದ್ದು ‘ಕಡಿಮೆ’ ಅಲ್ಲ, ‘ಇಲ್ಲ’. ಗ್ಲಾಸ್ ಅವನ ಕೈಗೆ ಹೋಗುವ ಮುಂಚೆ ನೆನಪಾಯಿತು. ಸಿಂಕಿಗೆ ಸುರಿದು ಇನ್ನೊಂದು ಮಾಡಿದೆ. ‘ಯಾಕಣ್ಣ?’ ಅಂದ. ‘ನಿಂಬೆ ಸರಿ ಇರಲಿಲ್ಲ’ ಅಂದೆ. ಈಗಾದರೆ ನಿಜವನ್ನೇ ಹೇಳುತ್ತಿದ್ದೆ.

ಬಿಟರ್ಸ್ ಅಲ್ಲದೆ ವೆನಿಲಾ ಎಕ್ಸ್‌ಟ್ರ್ಯಾಕ್ಟ್, ಬೆಚ್ಚಗಿನ ಕಡೆ ಇಟ್ಟ ಕೊಂಬುಚಾ (ಹುಳಿ ಬರಿಸಿದ ಚಹಾ), ತೊಳೆಯದ ಶೇಕರ್, ರಮ್ ಅಳೆದ ಜಿಗ್ಗರ್ ಇವೂ ದಾರಿ ತಪ್ಪಿಸುತ್ತವೆ. ಒಂದು ಶೇಕರ್, ಒಂದು ಜಿಗ್ಗರ್, ಒಂದು ಜರಡಿ ಬೇರೆ ಇಡಿ. ಹಿಡಿಗೆ ಹಸಿರು ಟೇಪ್ ಸುತ್ತಿ. ಐವತ್ತು ರೂಪಾಯಿಯ ಟೇಪು. ನೊರೆಗೆ ಮೊಟ್ಟೆಯ ಬಿಳಿ ಬಳಸುವವರು ಸಸ್ಯಾಹಾರಿಗಳಿಗೆ ಹೇಳಿ ಕೊಡಿ, ಇಲ್ಲವೇ ಕಾಬೂಲಿ ಕಡಲೆ ಬೇಯಿಸಿದ ನೀರು ಬಳಸಿ. ಅದೂ ಚೆನ್ನಾಗಿಯೇ ನೊರೆ ಬರುತ್ತದೆ.

ನೀರಾ ಇಡುವ ಆಸೆ ಕೆಲವರಿಗೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ತಣ್ಣಗಿರುವವರೆಗೆ ಮಾತ್ರ ನೀರಾ. ಬೆಚ್ಚಗಾದರೆ ಕೆಲವೇ ಗಂಟೆಯಲ್ಲಿ ಹುಳಿತು ಹೆಂಡವಾಗುತ್ತದೆ. ಇಳಿಸಲು ಪರವಾನಗಿಯೂ ಬೇಕು. ತೋಟದಿಂದ ಗ್ಲಾಸಿನವರೆಗೆ ತಣ್ಣಗೆ ತರಲು ಆಗುವವರಿಂದ ಮಾತ್ರ ಕೊಳ್ಳಿ.

ಟಾನಿಕ್ ವಾಟರ್ ಅಂದರೆ ಸೋಡಾನೇ ತಾನೇ?

ಅಲ್ಲ. ಅದರಲ್ಲಿ ಕ್ವಿನೈನ್ ಇರುತ್ತದೆ, ಸಿಂಕೋನಾ ಮರದ ತೊಗಟೆಯ ಕಹಿ, ಒಂದು ಕಾಲದ ಮಲೇರಿಯಾ ಔಷಧಿ. 1858ರಲ್ಲಿ ಎರಾಸ್ಮಸ್ ಬಾಂಡ್ ಎಂಬಾತ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ನಿಮ್ಮ ಬಾರಿನಲ್ಲಿ ನೇರಳೆ ಬಣ್ಣದ ಯುವಿ ದೀಪ ಇದ್ದರೆ ಟಾನಿಕ್ ಗ್ಲಾಸನ್ನು ಅದರ ಕೆಳಗೆ ಹಿಡಿಯಿರಿ, ನೀಲಿಯಾಗಿ ಹೊಳೆಯುತ್ತದೆ. ಯಾವ ಬಣ್ಣದ ಸಿರಪ್ಪೂ ಬೇಡ. ಚಿಕ್ಕಮಗಳೂರಿನ ಕಾಫಿ ಪುಡಿಯನ್ನು ತಣ್ಣೀರಿನಲ್ಲಿ ರಾತ್ರಿ ನೆನೆಸಿ ಸೋಸಿದ ಡಿಕಾಕ್ಷನ್ 45 ಮಿಲಿ, ಟಾನಿಕ್ 120 ಮಿಲಿ, ಕಿತ್ತಳೆ ಸಿಪ್ಪೆ. ವಿಸ್ಕಿ ಕುಡಿಯುವವರು ಪಕ್ಕದ ಮೇಜಿನಿಂದ ‘ಅದೇನು?’ ಅಂತ ಕೇಳುತ್ತಾರೆ. ಟಾನಿಕ್‌ನಲ್ಲೂ ಸಕ್ಕರೆ ಇದೆ ಅನ್ನುವುದು ನೆನಪಿರಲಿ. ಬಸುರಿಯರಿಗೆ, ನಿದ್ದೆ ಕೆಡುವವರಿಗೆ ಇದು ಬೇಡ, ಬೇರೆ ತೋರಿಸಿ.

ಬಣ್ಣ, ಹೊಗೆ, ಶೋಕಿ?

2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಲ್ಲಿಸಿತು. ಜನ ಈಗ ಬಣ್ಣ ನೋಡಿ ಅನುಮಾನ ಪಡುತ್ತಾರೆ. ಶಂಖಪುಷ್ಪ, ಬೀಟ್‌ರೂಟ್, ಪುನರ್ಪುಳಿ ಸಾಕು. ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹೊಗೆ ನನಗೆ ಬೇಡವೇ ಬೇಡ. ಮಗುವಿನ ಬಾಯಿಗೆ ತುಂಡು ಹೋದರೆ ಸುಟ್ಟುಬಿಡುತ್ತದೆ.

ಮೆನುವಿನಲ್ಲಿ ಎಲ್ಲಿ ಹಾಕಬೇಕು? ಹೆಸರು?

ಕೊನೆಯ ಪುಟದಲ್ಲಿ, ಮಿನರಲ್ ವಾಟರಿನ ಕೆಳಗೆ ಬೇಡ. ಕಾಕ್‌ಟೇಲ್ ಪುಟದಲ್ಲೇ, ಅದೇ ಅಕ್ಷರದಲ್ಲಿ, ಏನೇನಿದೆ ಅಂತ ಬರೆದು ಹಾಕಿ. ಮದ್ಯ ಇಲ್ಲದ್ದು ಅನ್ನಲು ಬಳಸುವ ‘ವರ್ಜಿನ್’ ಪದ ಬಿಡಿ, ಅದನ್ನು ಜೋರಾಗಿ ಹೇಳಿ ಆರ್ಡರ್ ಮಾಡಲು ಎಷ್ಟೋ ಜನರಿಗೆ ಮುಜುಗರ. ‘ಪುನರ್ಪುಳಿ, ಜೀರಿಗೆ, ಕರಿಬೇವು, ಸೋಡಾ’ ಅಂತ ಬರೆದರೆ ಬಾಯಲ್ಲಿ ನೀರೂರುತ್ತದೆ.

ವೇಟರ್‌ಗಳಿಗೆ ಏನು ಹೇಳಿಕೊಡಬೇಕು?

‘ಯಾಕ್ ಸಾರ್, ಕುಡಿಯಲ್ವಾ?’ ಅಂತ ಕೇಳಬಾರದು. ಮೊದಲನೇ ಪಾಠ ಇದೇ, ಎರಡನೆಯದೂ ಇದೇ. ಕಾರಣ ಅವರದು. ‘ಮೇಡಂ, ನಿಮಗೆ ಹುಳಿ ಇಷ್ಟಾನಾ, ಖಾರ ಇಷ್ಟಾನಾ?’ ಅಂತ ಕೇಳಿ, ಮಾತು ತಾನಾಗಿ ಮುಂದಕ್ಕೆ ಹೋಗುತ್ತದೆ. ಎಲ್ಲರ ಗ್ಲಾಸೂ ಒಟ್ಟಿಗೆ ಬರಲಿ. ಉಳಿದವರು ಚಿಯರ್ಸ್ ಹೇಳುವಾಗ ಒಬ್ಬರು ನೀರಿನ ಲೋಟ ಎತ್ತುವ ಹಾಗೆ ಆಗಬಾರದು.

ಶನಿವಾರ ರಾತ್ರಿ ರಶ್. ಇಷ್ಟೆಲ್ಲ ಮಾಡುತ್ತಾ ಕೂರಲು ಆಗುತ್ತದಾ?

ಆಗುವುದಿಲ್ಲ, ಅದಕ್ಕೇ ಬೆಳಿಗ್ಗೆಯೇ ಮಾಡಿಡಬೇಕು. ರಸ ಮಾಡಿ, ಸೋಸಿ, ಬಾಟಲಿಗೆ ಹಾಕಿ, ತಾರೀಕು ಬರೆದು ಫ್ರಿಜ್ಜಿನಲ್ಲಿಡಿ. ರಾತ್ರಿ ಐಸ್, ರಸ, ಸೋಡಾ, ಮೂರೇ ಕೈ. ಹಸಿ ಹಣ್ಣಿನ ರಸ ಅವತ್ತಿನದು ಅವತ್ತಿಗೆ. ಸಕ್ಕರೆ, ಹುಳಿ ಇರುವ ಬೇಯಿಸಿದ ರಸ ನಾಲ್ಕೈದು ದಿನ. ಐಸನ್ನು ಮೀನು, ಮಾಂಸ ಇಡುವ ಫ್ರೀಜರಿನಿಂದ ದೂರ ಇಡಿ. ಮದ್ಯದ ವಾಸನೆ ಆ ತಪ್ಪನ್ನು ಮುಚ್ಚುತ್ತದೆ, ಶರಬತ್ತು ಮುಚ್ಚುವುದಿಲ್ಲ.

ತಿನ್ನಲು ಜೊತೆಗೆ ಏನು ಹೊಂದುತ್ತದೆ?

ಚಿಕನ್ ಘೀ ರೋಸ್ಟ್‌ಗೆ ಪುನರ್ಪುಳಿ, ಎರಡನೇ ಮಾತಿಲ್ಲ. ತುಪ್ಪದ ಜಿಡ್ಡನ್ನು ಆ ಹುಳಿ ಒಂದೇ ಗುಟುಕಿಗೆ ತೊಳೆಯುತ್ತದೆ. ಕಾಂಗ್ರೆಸ್ ಕಡಲೆಬೀಜಕ್ಕೆ ಕಾಫಿ ಟಾನಿಕ್. ಮೀನಿನ ತವಾ ಫ್ರೈಗೆ ಅಪ್ಪೆಹುಳಿ. ಕಬಾಬಿಗೆ ಖಾರದ ಮಸಾಲೆ ಮಜ್ಜಿಗೆ. ನಗಬೇಡಿ, ಮಾರಿ ನೋಡಿ.

ಡ್ರೈ ಡೇ ದಿನ ಏನು ಮಾಡಲಿ?

ಅಕ್ಟೋಬರ್ 2, ಚುನಾವಣೆ ಮುಗಿಯುವವರೆಗಿನ 48 ಗಂಟೆ, ಹೀಗೆ ಬಾಗಿಲು ಹಾಕುವ ದಿನಗಳು ಇವೆ. ಊಟದ ಭಾಗ ತೆರೆಯಬಹುದಾ ಅನ್ನುವುದನ್ನು ಅವತ್ತಿನ ಆದೇಶ ನೋಡಿ, ನಿಮ್ಮ ಅಬಕಾರಿ ಇನ್‌ಸ್ಪೆಕ್ಟರ್ ಹತ್ತಿರ ಕೇಳಿಯೇ ತೀರ್ಮಾನ ಮಾಡಿ. ತೆರೆಯುವಂತಿದ್ದರೆ ಕುಟುಂಬದವರು ಬರುವ ದಿನ ಅದು.

ಎಲ್ಲಿಂದ ಶುರು ಮಾಡಲಿ?

ಮೂರೇ ಪಾನೀಯ ಇಡಿ. ಒಂದು ಹುಳಿ, ಒಂದು ಕಹಿ, ಒಂದು ಖಾರ. ಹಳೆಯ ಹತ್ತು ಸಿರಪ್ ಬಾಟಲಿಗಳನ್ನು ಎತ್ತಿಡಿ. ಎರಡು ವಾರದ ಸೇಲ್ಸ್ ರಿಪೋರ್ಟ್ ನೋಡುವ ಮೊದಲು, ಪಾತ್ರೆ ತೊಳೆಯುವ ಕಡೆ ಹೋಗಿ ನಿಂತು ಮೇಜಿನಿಂದ ವಾಪಸ್ ಬರುವ ಗ್ಲಾಸುಗಳನ್ನು ನೋಡಿ. ತಳದಲ್ಲಿ ಬರೀ ಐಸ್ ಇದ್ದರೆ ಆ ಪಾನೀಯ ಉಳಿಸಿ. ಎರಡು ಬೆರಳು ರಸ ಉಳಿದು ಬರುತ್ತಿದ್ದರೆ ಸಕ್ಕರೆ ಇಳಿಸಿ, ಮತ್ತೆ ಕೊಟ್ಟು ನೋಡಿ.